ಇನ್ನೊಂದು ಸಾಲು

ಹರ್ಷಿಣಿಗೆ ಅಪವರ್ತನದ ಲೆಕ್ಕ ಬರುವುದಿಲ್ಲ ಎನ್ನುವುದು ಸುಭಾಷಿಣಿ ಟೀಚರಿಗೆ ಗೊತ್ತಾಗುವಾಗ ದೀಪಾವಳಿ ಕಳೆದಿತ್ತು. ಅಷ್ಟು ತಡವಾದದ್ದಕ್ಕೆ ಹನ್ನೆರಡು ಎಂಬ ಸಂಖ್ಯೆಯನ್ನೇ ದೂರಬೇಕು. ಹನ್ನೆರಡಕ್ಕೆ ಧಾರಾಳ ಹೆಚ್ಚು. ಹೇಗೆ ಪಾಲು ಮಾಡಿದರೂ ಅದು ಬೇಡ ಎನ್ನುವುದಿಲ್ಲ. ಐದನೇ ತರಗತಿಯ ಮಕ್ಕಳಿಗೆ ಹನ್ನೆರಡು ಹನ್ನೆರಡು ಹುಣಸೆಬೀಜ ಕೊಟ್ಟು "ಎರಡು ಸಾಲು ಮಾಡಿ" ಎಂದರೆ ಎಲ್ಲರೂ ಆರಾರು ಬೀಜದ ಎರಡು ಸಾಲು ಮಾಡುತ್ತಿದ್ದರು. ಹರ್ಷಿಣಿ ಮಾತ್ರ ನಾಲ್ಕು ನಾಲ್ಕು ಬೀಜದ ಮೂರು ಸಾಲು ಮಾಡುತ್ತಿದ್ದಳು. "ಮೂರು ಸಾಲು" ಎಂದರೆ ಅವಳು ಮೂರು ಮೂರು ಬೀಜದ ನಾಲ್ಕು ಸಾಲು ಇಡುತ್ತಿದ್ದಳು. ಎಲ್ಲವೂ ಹನ್ನೆರಡರ ಜೋಡಿಗಳೇ, ಒಂದು ಬೀಜವೂ ಉಳಿಯುತ್ತಿರಲಿಲ್ಲ. ಹುಡುಗಿ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಯೋಚಿಸುತ್ತಾಳೆ ಎಂದುಕೊಂಡು ಸುಭಾಷಿಣಿ ಅವಳ ಬೆನ್ನು ತಟ್ಟಿದ್ದಳು. ಟೀಚರುಗಳಿಗೆ ಖುಷಿಯಾಗಲಿಕ್ಕೆ ಇಷ್ಟು ಸಾಕು.

ಹದಿನೈದು ಹಾಗಲ್ಲ, ಅದು ಜಿಪುಣ ಸಂಖ್ಯೆ. ಒಂದು ಮತ್ತು ತಾನು, ಮೂರು ಮತ್ತು ಐದು, ಇಷ್ಟೇ ಅದರ ಬಳಗ. ಬೇರೆ ಯಾರನ್ನೂ ಹೊಸ್ತಿಲು ದಾಟಿಸುವುದಿಲ್ಲ.

"ಹದಿನೈದು ಬೀಜ ತೆಗೆದುಕೊಂಡು ಮೂರು ಸಾಲು ಮಾಡಿ ನೋಡುವ" ಎಂದಳು ಸುಭಾಷಿಣಿ. ಹರ್ಷಿಣಿ ಮೂರು ಮೂರು ಬೀಜದ ನಾಲ್ಕು ಸಾಲು ಇಟ್ಟು, ಎಡಗೈಯನ್ನು ಮುಷ್ಟಿ ಕಟ್ಟಿಕೊಂಡು ಕೂತಳು.

"ಕೈಯಲ್ಲಿ ಎಂತ ಉಂಟು?"

ಮುಷ್ಟಿ ಬಿಡಿಸಿದರೆ ಅಲ್ಲಿ ಮೂರು ಬೀಜಗಳಿದ್ದವು. "ಉಳಿಯಿತು ಟೀಚರ್."

"ನಾನು ಎಷ್ಟು ಸಾಲು ಹೇಳಿದ್ದು?"

"ಮೂರು."

"ನೀನು ಇಟ್ಟದ್ದು?"

"ಮೂರು" ಎಂದಳು ಹುಡುಗಿ. ಅವಳ ಮುಖದಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ.

"ಹಾಗಾದರೆ ಇದು?" ಸುಭಾಷಿಣಿ ಕೊನೆಯ ಸಾಲನ್ನು ಬೆರಳಿನಿಂದ ಕುಟ್ಟಿದಳು.

"ಅದು ಬೇರೆ ಟೀಚರ್. ಅದು ಇಡಬೇಕು."

ಯಾಕೆ ಇಡಬೇಕು ಎಂದು ಕೇಳಿದ್ದಕ್ಕೆ ಹುಡುಗಿ ಆ ಸಾಲಿನ ಬೀಜಗಳನ್ನು ನೇರ ಮಾಡತೊಡಗಿದಳು. ಸುಭಾಷಿಣಿಗೆ ಹಿಂದಿನ ಹನ್ನೆರಡರ ಆಟವೆಲ್ಲ ಈಗ ಅರ್ಥವಾಯಿತು. ಎಷ್ಟು ಸಾಲು ಎಂದು ಹೇಳಿದರೂ ಇವಳು ಒಂದು ಸಾಲು ಹೆಚ್ಚಿಗೆ ಇಡುತ್ತಿದ್ದಳು, ಹನ್ನೆರಡು ಅದನ್ನು ಮುಚ್ಚಿಹಾಕುತ್ತಿತ್ತು. ಇಷ್ಟು ದಿನ ತಪ್ಪಿಗೆ ಬೆನ್ನು ತಟ್ಟಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಬೇರೆ ಮಗುವಾಗಿದ್ದರೆ ಸುಭಾಷಿಣಿ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೋ ಏನೋ. ಕಾರ್ಕಳದ ಕಡೆಯ ಒಂದು ವಸತಿ ಶಾಲೆಗೆ ಆರನೇ ತರಗತಿಗೆ ಮಕ್ಕಳನ್ನು ಆರಿಸುವ ಪರೀಕ್ಷೆ ಫೆಬ್ರವರಿಯಲ್ಲಿತ್ತು. ಊಟ, ವಸತಿ, ಪುಸ್ತಕ ಎಲ್ಲ ಅಲ್ಲಿಯೇ, ಹತ್ತನೇ ತರಗತಿ ಮುಗಿಯುವವರೆಗೆ ಮನೆಯವರು ಚಿಂತೆ ಮಾಡಬೇಕಾದ್ದಿಲ್ಲ. ಕಾಪುವಿನ ಕಡಲ ಬದಿಯ ಈ ಸರಕಾರಿ ಶಾಲೆಯಲ್ಲಿ ಆ ಪರೀಕ್ಷೆ ದಾಟುವ ಬುದ್ಧಿ ಇದ್ದ ಮಗು ಎಂದರೆ ಹರ್ಷಿಣಿ ಒಬ್ಬಳೇ. ಕನ್ನಡ, ಪರಿಸರ, ಮಗ್ಗಿ ಎಲ್ಲವೂ ಅವಳಿಗೆ ಅಂಗೈಯ ನೆಲ್ಲಿಕಾಯಿ. ಅಪವರ್ತನ ಬಂದಲ್ಲಿಗೆ ಮುಗ್ಗರಿಸುತ್ತಿದ್ದಳು, ಆ ಪರೀಕ್ಷೆಯಲ್ಲಿ ಅಪವರ್ತನದ ಪ್ರಶ್ನೆಗಳೋ ಬೇಕಾದಷ್ಟು.

ಮತ್ತೆ ಆ ಮಗುವಿನ ಮನೆಯ ಸಂಗತಿ. ಜುಲೈ ಕೊನೆಗೆ, ಆಟಿ ತಿಂಗಳ ಮಳೆಯಲ್ಲಿ ಅವಳ ಅಪ್ಪ ಜಿತೇಂದ್ರ ಹೋಗಿದ್ದ ನಾಡದೋಣಿ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಮಗುಚಿತ್ತು. ಉಳಿದವರು ಈಜಿ ದಡ ಸೇರಿದರು, ಜಿತೇಂದ್ರ ಬರಲಿಲ್ಲ, ಅವನ ಹೆಣವೂ ಬರಲಿಲ್ಲ. ಸುಭಾಷಿಣಿ ಸೆಪ್ಟೆಂಬರಿನಲ್ಲಿ ವರ್ಗವಾಗಿ ಬಂದ ಮೊದಲ ದಿನವೇ ಹೆಡ್‌ಮಾಸ್ಟರು ಇದನ್ನು ಹೇಳಿದ್ದರು. ಅಪ್ಪನಿಲ್ಲದ ಈ ಮಗುವನ್ನು ಒಂದು ದಡ ಮುಟ್ಟಿಸಬೇಕು ಎಂದು ಅವಳು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಉಡುಪಿಯ ರಥಬೀದಿಯ ಬದಿಯ ಮನೆಯಲ್ಲಿ ಹುಟ್ಟಿ ಬೆಳೆದ ಸುಭಾಷಿಣಿಗೆ ಮೀನಿನ ವಾಸನೆ ಆಗದು. ಬಸ್ಸಿನಲ್ಲಿ ಮೀನಿನ ಬುಟ್ಟಿಯವರು ಹತ್ತಿದರೆ ಸೆರಗು ಮೂಗಿಗೆ ಹೋಗುತ್ತಿತ್ತು. ಶಾಲೆಯ ಅಂಗಳದಿಂದ ಕಡಲಿನ ಸದ್ದು ಕೇಳುತ್ತಿದ್ದರೂ ಅವಳು ಒಂದು ದಿನವೂ ಆ ಕಡೆ ಇಳಿದಿರಲಿಲ್ಲ. ಆದರೆ ಈ ಹುಡುಗಿಯ ಮೇಲೆ ಅವಳಿಗಿದ್ದ ಪ್ರೀತಿ ಮಾತ್ರ ನಿಜವಾದದ್ದೇ.

ಹರ್ಷಿಣಿಯ ತಾಯಿ ಸ್ವರ್ಣಲತಾ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವವಳು. ಪರೀಕ್ಷೆಗೆ ಒಪ್ಪಿಸಲಿಕ್ಕೆಂದು ಸುಭಾಷಿಣಿ ಅವಳನ್ನು ಶಾಲೆಗೆ ಕರೆಸಿದಾಗ ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ ಹಾಕಿಕೊಂಡೇ ಬಂದಿದ್ದಳು.

"ದೂರ ಕಳಿಸುದು ಅಂದರೆ..." ಎಂದು ಸ್ವರ್ಣಲತಾ ರಾಗ ಎಳೆದಳು. "ಇವಳ ಅಪ್ಪ ಬಂದು ಮಗಳು ಎಲ್ಲಿ ಅಂತ ಕೇಳಿದರೆ ನಾನು ಎಂತ ಹೇಳುದು ಟೀಚರ್?"

ಪಾಪದ ಹೆಂಗಸು, ದುಃಖಕ್ಕೆ ಹೀಗೆ ಮಾತಾಡುತ್ತಾಳೆ ಎಂದುಕೊಂಡಳು ಸುಭಾಷಿಣಿ. "ಓದಲಿಕ್ಕೆ ಹೋಗಿದ್ದಾಳೆ ಅಂತ ಹೇಳಿ. ಅವರಿಗೂ ಸಂತೋಷ ಆಗುತ್ತದೆ" ಎಂದಳು. ಸ್ವರ್ಣಲತಾ ಸ್ವಲ್ಪ ಯೋಚಿಸಿ, "ಅದೂ ಹೌದು. ಅವರಿಗೆ ಇವಳನ್ನು ಓದಿಸುದು ಅಂದರೆ ಭಾರೀ ಆಸೆ" ಎಂದು ಒಪ್ಪಿಕೊಂಡಳು.

ಹೀಗಿರುವಾಗ ಆ ಹೆಚ್ಚಿನ ಸಾಲು ಬಂದು ಅಡ್ಡ ನಿಂತಿತ್ತು. ಬೈದು ನೋಡಿದಳು, ಮುದ್ದು ಮಾಡಿ ನೋಡಿದಳು, ಬೀಜ ಬಿಟ್ಟು ಚುಕ್ಕಿ ಹಾಕಿಸಿದಳು. ಹುಡುಗಿ ಚುಕ್ಕಿಯಲ್ಲೂ ಒಂದು ಸಾಲು ಹೆಚ್ಚು ಹಾಕಿದಳು. ಕೊನೆಗೆ ಒಂದು ಮಧ್ಯಾಹ್ನ ಬಿಸಿಯೂಟದ ಪಾತ್ರೆ ತೊಳೆಯುತ್ತಿದ್ದ ಜೋಸ್ಲಿನ್ ಬಾಯಿಯ ಹತ್ತಿರ ಸುಭಾಷಿಣಿ ತನ್ನ ಸಂಕಟ ತೋಡಿಕೊಂಡಳು. ಜೋಸ್ಲಿನ್ ಆ ಊರಿನವಳೇ, ಶಾಲೆಯ ಅಡುಗೆಯವಳು, ಎಲ್ಲರೂ ಅವಳನ್ನು ಗೌರವಕ್ಕೆ ಬಾಯಿ ಎಂದೇ ಕರೆಯುತ್ತಿದ್ದರು.

"ಅಯ್ಯೋ, ಅದು ಪಾಲಿನ ಅಭ್ಯಾಸ ಟೀಚರ್" ಎಂದು ಜೋಸ್ಲಿನ್ ನಕ್ಕಳು. "ಇಲ್ಲಿ ಬೂಬಣ್ಣನದ್ದು ಕೈರಂಪಣಿ ಬಲೆ ಉಂಟಲ್ಲ, ದಡದಲ್ಲಿ ನಿಂತು ಎಳೆಯುದು. ಬಿದ್ದ ಮೀನನ್ನು ಪಾಲು ಹಾಕುವಾಗ ಜನರಿಗೆ ಒಂದೊಂದು, ಬಲೆಗೆ ಒಂದು. ಬಲೆ ಹರಿದರೆ ಹೊಲಿಲಿಕ್ಕೆ ಬೇಕಲ್ವಾ? ದೊಡ್ಡವರು ಪಾಲು ಹಾಕಿದರೆ ಜಗಳ ಆಗ್ತದೆ ಅಂತ ಸಣ್ಣ ಮಕ್ಕಳ ಕೈಯಲ್ಲಿ ಹಾಕಿಸುದು. ಈಗ ಈ ಹುಡುಗಿಯೇ ಹಾಕುದು."

"ಓ, ಬಲೆಯ ಪಾಲು!" ಎಂದಳು ಸುಭಾಷಿಣಿ. ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಇಳಿದ ಹಾಗಾಯಿತು.

"ಹೌದು. ಮತ್ತೆ ಈ ಹುಡುಗಿದು ಇನ್ನೊಂದು ಉಂಟು ಟೀಚರ್, ಅದು ಎಂತದ್ದು ಅಂದರೆ..." ಎಂದು ಜೋಸ್ಲಿನ್ ಪಾತ್ರೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯಿತು. "ಸಾಕು ಬಾಯಿ, ನನಗೆ ಗೊತ್ತಾಯಿತು" ಎಂದು ಸುಭಾಷಿಣಿ ಹೊರಟೇಬಿಟ್ಟಳು. ಬೇಕಾದ ಉತ್ತರ ಸಿಕ್ಕಿದ ಮೇಲೆ ಇನ್ನೂ ಸ್ವಲ್ಪ ನಿಂತು ಕೇಳುವ ವ್ಯವಧಾನ ಅವಳಿಗೆ ಇರಲಿಲ್ಲ.

ಮರುದಿನ ಹರ್ಷಿಣಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಹದಿನೈದು ಬೀಜ, ಮೂರು ಸಾಲು. ಹುಡುಗಿ ನಾಲ್ಕನೆಯ ಸಾಲನ್ನೂ ಇಟ್ಟು ಮುಗಿಸುತ್ತಿದ್ದಂತೆ ಸುಭಾಷಿಣಿ ಮೆಲ್ಲಗೆ ಆ ಕೈ ಹಿಡಿದಳು.

"ಇದು ಯಾರದ್ದು ಅಂತ ನನಗೆ ಗೊತ್ತಾಯಿತು ಮಗು. ನಿನಗೆ ಹೇಳಲಿಕ್ಕೆ ಕಷ್ಟ, ಅಲ್ವಾ?"

ಹರ್ಷಿಣಿ ತಲೆ ಎತ್ತಿ ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು. ಹೌದೆಂದು ತಲೆಯಾಡಿಸಿದಳು. ಬಲೆಯ ಪಾಲಿಗೆ ಇಷ್ಟು ಅಳುವುದು ಯಾಕೆ ಎಂದು ಸುಭಾಷಿಣಿಗೆ ಒಂದು ಕ್ಷಣವಾದರೂ ಅನಿಸಬೇಕಿತ್ತು. ಅನಿಸಲಿಲ್ಲ.

"ಕಡಲ ಬದಿಯಲ್ಲಿ ಪಾಲು ಇಡುತ್ತೀರಿ, ಅದು ಸರಿ. ಆದರೆ ಲೆಕ್ಕದಲ್ಲಿ ಇಲ್ಲದವರಿಗೆ ಸಾಲು ಇಡಲಿಕ್ಕಿಲ್ಲ. ಮೂರು ಎಂದರೆ ಇಲ್ಲಿ ಇರುವ ಮೂರು ಮಾತ್ರ. ಒಂದು ಹೆಚ್ಚು ಇಟ್ಟರೆ ಎಲ್ಲರಿಗೂ ಕಡಿಮೆ ಆಗುತ್ತದೆ, ಕೈಯಲ್ಲಿ ಶೇಷ ಉಳಿಯುತ್ತದೆ. ನೋಡು, ಅದನ್ನು ತೆಗೆದರೆ ಹೇಗೆ ಸರಿಯಾಗುತ್ತದೆ ಅಂತ."

ಹುಡುಗಿ ಆ ಸಾಲಿನ ಮೇಲೆ ಅಂಗೈ ಮುಚ್ಚಿದಳು. "ಈಗ ಇಲ್ಲದವರು ಮತ್ತೆ ಬಂದರೆ ಟೀಚರ್?"

"ಬರುವುದಿಲ್ಲ" ಎಂದಳು ಸುಭಾಷಿಣಿ. ಪರೀಕ್ಷೆ ಹತ್ತಿರ ಬರುತ್ತಿತ್ತು, ಸ್ವರ ಸ್ವಲ್ಪ ಗಟ್ಟಿಯಾಯಿತು. "ಲೆಕ್ಕದ ಹೊರಗಿನವರು ಮತ್ತೆ ಬರುವುದಿಲ್ಲ. ಅದನ್ನು ತಲೆಯಿಂದ ತೆಗೆದುಹಾಕು."

ಹರ್ಷಿಣಿ ನಾಲ್ಕನೆಯ ಸಾಲಿನ ಬೀಜಗಳನ್ನು ಒಂದೊಂದಾಗಿ ಹೆಕ್ಕಿದಳು. ಮುಷ್ಟಿಯಲ್ಲಿದ್ದ ಮೂರನ್ನೂ ಸೇರಿಸಿ ಉಳಿದ ಸಾಲುಗಳಿಗೆ ಹಂಚಿದಳು. ಮೂರು ಸಾಲು, ಐದೈದು ಬೀಜ. ಖಾಲಿ ಅಂಗೈಯನ್ನು ಟೀಚರಿಗೆ ತೋರಿಸಿದಳು. ಸುಭಾಷಿಣಿ ಸಂತೋಷಕ್ಕೆ ಆ ಅಂಗೈಗೆ ಒಂದು ಚಾಕೊಲೇಟು ಹಾಕಿದಳು.

ಆಮೇಲೆ ಹಿಂದೆ ನೋಡಿದ್ದೇ ಇಲ್ಲ. ಇಪ್ಪತ್ತನಾಲ್ಕಾಗಲಿ, ಮೂವತ್ತಾರಾಗಲಿ, ಹುಡುಗಿ ಜೋಡಿಗಳನ್ನು ಪಟಪಟನೆ ಹೇಳುತ್ತಿದ್ದಳು. ಹದಿಮೂರಕ್ಕೆ ಒಂದೇ ಜೋಡಿ ಎಂದು ಯಾರೂ ಹೇಳಿಕೊಡದೆಯೇ ಕಂಡುಹಿಡಿದಳು. ಮುಖದ ನಗು ಮಾತ್ರ ಸ್ವಲ್ಪ ಕಡಿಮೆಯಾದಂತಿತ್ತು. ಪರೀಕ್ಷೆಯ ಭಯವಿರಬೇಕು ಎಂದು ಸುಭಾಷಿಣಿ ಸಮಾಧಾನ ಮಾಡಿಕೊಂಡಳು. ಭಾನುವಾರವೂ ಉಡುಪಿಯಿಂದ ಬಸ್ಸು ಹಿಡಿದು ಬಂದು ಪಾಠ ಮಾಡತೊಡಗಿದಳು. "ನಿನ್ನ ಮಗಳಾ ಅದು?" ಎಂದು ಮನೆಯಲ್ಲಿ ಗಂಡ ಕೃಷ್ಣರಾಜ ತಮಾಷೆ ಮಾಡಿದರೆ, "ಹೌದು ಅಂತ ಇಟ್ಟುಕೊಳ್ಳಿ" ಎನ್ನುತ್ತಿದ್ದಳು.

ಜನವರಿಯ ಒಂದು ಭಾನುವಾರ ಹರ್ಷಿಣಿ ಪಾಠಕ್ಕೆ ಬರಲಿಲ್ಲ. "ಬಲೆ ಎಳೆದಿದ್ದಾರೆ ಟೀಚರ್, ಅವಳು ಪಾಲು ಹಾಕಲಿಕ್ಕೆ ಹೋಗಿದ್ದಾಳೆ" ಎಂದರು ಉಳಿದ ಮಕ್ಕಳು. ಪರೀಕ್ಷೆ ಹತ್ತಿರವಿರುವಾಗ ಇದೆಂಥ ಪಾಲು ಎಂದು ಸಿಡುಕುತ್ತ ಸುಭಾಷಿಣಿ ಮೊದಲ ಬಾರಿ ಕಡಲ ಕಡೆಗೆ ಇಳಿದಳು. ಸೆರಗು ಮೂಗಿನ ಮೇಲೆಯೇ ಇತ್ತು.

ಮರಳಿನ ಮೇಲೆ ಒದ್ದೆ ಬಲೆ ರಾಶಿ ಬಿದ್ದಿತ್ತು. ಸುತ್ತ ಎಂಟು ಜನ ಗಂಡಸರು ನಿಂತಿದ್ದರು, ಸ್ವಲ್ಪ ಆಚೆ ಸ್ವರ್ಣಲತಾ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದಳು. ಆ ದಿನ ಬಲೆಗೆ ಬಿದ್ದದ್ದು ಕಡಿಮೆ, ಒಂದೇ ಬುಟ್ಟಿ ಬಂಗುಡೆ ಮೀನು. ಹರ್ಷಿಣಿ ಮೀನು ಎಣಿಸುತ್ತಿದ್ದಳು. ಟೀಚರನ್ನು ಕಂಡದ್ದೇ ಅವಳ ಮುಖ ಅರಳಿತು. ತುಟಿಯಲ್ಲೇ ಏನೋ ಗುಣಿಸಿಕೊಂಡು, ಸರಸರನೆ ಮರಳಿನ ಮೇಲೆ ಪಾಲು ಹಾಕಿ ಮುಗಿಸಿದಳು. ಆಮೇಲೆ ಟೀಚರ ಕಡೆ ತಿರುಗಿ ಅಂಗೈ ಬಿಡಿಸಿ ತೋರಿಸಿದಳು. ಅಂಗೈ ಖಾಲಿಯಿತ್ತು. ಸುಭಾಷಿಣಿಯ ಸಿಡುಕೆಲ್ಲ ಇಳಿದುಹೋಯಿತು. ಕಲಿತದ್ದನ್ನು ಮಗು ಬದುಕಿಗೆ ಹಚ್ಚುತ್ತಿದೆ, ಇನ್ನೇನು ಬೇಕು ಎಂದು ಹೆಮ್ಮೆಯಿಂದ ನಕ್ಕಳು.

ತಂಡದ ಹಿರಿಯ ಬೂಬ ಪಾಲುಗಳಿಗೆ ಬೆನ್ನು ಹಾಕಿ, ಕಡಲಿಗೆ ಮುಖ ಮಾಡಿ ನಿಂತಿದ್ದ. ಯಾವ ಪಾಲಿನಲ್ಲಿ ದೊಡ್ಡ ಮೀನು ಉಂಟು ಎಂದು ಕಾಣದೆ ಹೆಸರು ಹೇಳಬೇಕು, ಅದು ಅಲ್ಲಿಯ ಕ್ರಮ. ಹುಡುಗಿ ಒಂದು ಪಾಲನ್ನು ಮುಟ್ಟಿ "ಇದು ಯಾರಿಗೆ?" ಎಂದು ಕೇಳಿದಳು.

"ಬಲೆಗೆ" ಎಂದ ಬೂಬ.

"ಇದು?"

"ನಂದನನಿಗೆ."

ಹೀಗೆ ಒಂದೊಂದೇ ಹೆಸರು ಬಂತು, ಒಬ್ಬೊಬ್ಬರೇ ತಮ್ಮ ಪಾಲಿನ ಹತ್ತಿರ ಹೋಗಿ ನಿಂತರು. ಬೂಬನದ್ದೂ ಆಯಿತು. ಅವನು ಕಡಲನ್ನೇ ನೋಡುತ್ತ ಮುಂದಿನ ಪ್ರಶ್ನೆಗೆ ಕಾದ. ಪ್ರಶ್ನೆ ಬರಲಿಲ್ಲ. ಹುಡುಗಿ ಮರೆತಿರಬೇಕೆಂದು ತಾನೇ ಗಟ್ಟಿಯಾಗಿ ಹೇಳಿದ.

"ಜಿತೇಂದ್ರನಿಗೆ."

ಬೂಬ ತಿರುಗಿ ನೋಡಿದ. ಕೊನೆಯಲ್ಲಿ ಇರಬೇಕಾಗಿದ್ದ ಪಾಲಿನ ಜಾಗದಲ್ಲಿ ಬರೀ ಮರಳು ಇತ್ತು.

"ಮಗಾ, ಅಪ್ಪನ ಪಾಲು ಎಲ್ಲಿ?" ಎಂದು ತುಳುವಿನಲ್ಲಿ ಮೆಲ್ಲಗೆ ಕೇಳಿದ.

ಹರ್ಷಿಣಿ ಶಾಲೆಯ ಕನ್ನಡದಲ್ಲಿ, ಬೆನ್ನು ನೆಟ್ಟಗೆ ಮಾಡಿ ಉತ್ತರ ಹೇಳಿದಳು. "ಅರವತ್ತಮೂರು ಮೀನು ಅಜ್ಜ. ಒಂಬತ್ತೇಳ್ಲಿ ಅರವತ್ತಮೂರು. ಶೇಷ ಇಲ್ಲ. ಇಲ್ಲದವರಿಗೆ ಸಾಲು ಇಡಲಿಕ್ಕಿಲ್ಲ. ಲೆಕ್ಕದ ಹೊರಗಿನವರು ಮತ್ತೆ ಬರುವುದಿಲ್ಲ." ಆಮೇಲೆ ಸುಭಾಷಿಣಿಯ ಕಡೆ ತಿರುಗಿದಳು. "ಅಲ್ವಾ ಟೀಚರ್?"

ಸುಭಾಷಿಣಿಯ ಮೂಗಿನ ಮೇಲಿದ್ದ ಸೆರಗು ಜಾರಿತು. "ನಾನು... ನಾನು ಬಲೆಯ ವಿಷಯ ಹೇಳಿದ್ದು ಮಗು" ಎಂದು ತೊದಲಿದಳು. "ಬಲೆಗೆ ಇಡುವ ಪಾಲು ಅಂತ ತಿಳಿದು ಹೇಳಿದ್ದು."

ಹುಡುಗಿಗೆ ಆಶ್ಚರ್ಯವಾಯಿತು. "ಬಲೆ ಉಂಟಲ್ಲ ಟೀಚರ್" ಎಂದು ಮರಳಿನ ಮೇಲಿದ್ದ ರಾಶಿಯನ್ನು ತೋರಿಸಿದಳು. "ಇಲ್ಲಿಯೇ ಉಂಟು."

ನಂದನ ತನ್ನ ಪಾಲಿನಿಂದ ಒಂದು ಮೀನು ತೆಗೆದು ಆ ಖಾಲಿ ಜಾಗದಲ್ಲಿ ಇಟ್ಟ. ಇನ್ನೊಬ್ಬನೂ ಬಗ್ಗಿದ. ಬೂಬ ಕೈ ಅಡ್ಡ ಮಾಡಿ ತಡೆದ. ಸುಭಾಷಿಣಿಯ ಕಡೆ ನೋಡಿ, ಬೈಯುವ ಸ್ವರದಲ್ಲಿ ಅಲ್ಲ, ಗೊತ್ತಿಲ್ಲದವರಿಗೆ ತಿಳಿಸುವ ಸ್ವರದಲ್ಲಿ ಹೇಳಿದ. "ನಮ್ಮ ತಂಡದವ ಕಡಲಿಗೆ ಹೋಗಿ ಸಿಗದಿದ್ದರೆ ಅವನ ಪಾಲು ಇಡುದು ನಮ್ಮ ಬಲೆಯ ಕಟ್ಟುಕಟ್ಟಳೆ ಟೀಚರ್. ಮನೆಯವರು ಸಾಕು ಅನ್ನುವವರೆಗೆ ಇಡಬೇಕು. ಮನೆಯವರೇ ಒಮ್ಮೆ ಇಲ್ಲ ಅಂದ ಮೇಲೆ ಇಡುವ ಹಾಗಿಲ್ಲ."

"ಅದು ಸಣ್ಣ ಮಗು!" ಎಂದಳು ಸುಭಾಷಿಣಿ. "ಅದರ ಮಾತು ಹಿಡಿಯಬೇಡಿ. ಹೇಳಿಕೊಟ್ಟದ್ದು ನಾನು. ತಪ್ಪು ನನ್ನದು."

"ಮಗಳಲ್ವಾ ಟೀಚರ್" ಎಂದ ಬೂಬ. "ಮನೆಯವಳಲ್ಲದೆ ಮತ್ತೆ ಯಾರು?"

ಎಲ್ಲರೂ ಸ್ವರ್ಣಲತಾಳನ್ನು ನೋಡಿದರು. ಅವಳು ಬುಟ್ಟಿಯನ್ನು ಮರಳಿನ ಮೇಲೆ ಬೋರಲು ಹಾಕಿ, ಅದರ ಪಕ್ಕದಲ್ಲಿ ಕೂತಳು. ನಂದನ ಇಟ್ಟಿದ್ದ ಆ ಒಂದು ಮೀನನ್ನು ಎತ್ತಿ ಅವನಿಗೇ ಹಿಂದೆ ಕೊಟ್ಟಳು. "ಬೇಡ ನಂದನಣ್ಣ. ಅವಳೇ ಹೇಳಿದ ಮೇಲೆ ಬೇಡ" ಎಂದಳು. ಅಷ್ಟು ಹೇಳಿದ್ದೇ ಅವಳ ಬಾಯಿಂದ ಅಳು ಕಿತ್ತುಕೊಂಡು ಬಂತು. ಆಟಿಯಿಂದ ಒಂದು ಹನಿಯೂ ಅಳದೆ ಕುಂಕುಮ ಇಟ್ಟುಕೊಂಡು ಮೀನು ಮಾರಿದ ಹೆಂಗಸು, ತಡೆದದ್ದನ್ನೆಲ್ಲ ಒಮ್ಮೆಲೇ ಅತ್ತಳು. ಹರ್ಷಿಣಿ ಹೆದರಿ ಟೀಚರ ಸೀರೆಯನ್ನು ಹಿಡಿದುಕೊಂಡಳು. "ಲೆಕ್ಕ ತಪ್ಪಾಯಿತಾ ಟೀಚರ್? ಲೆಕ್ಕ ತಪ್ಪಾಯಿತಾ?" ಎಂದು ಕೇಳಿದ್ದನ್ನೇ ಕೇಳಿದಳು. ತಪ್ಪಾಯಿತು ಎಂದು ಹೇಳುವ ಹಾಗಿರಲಿಲ್ಲ, ಯಾಕೆಂದರೆ ಲೆಕ್ಕ ಸರಿಯಿತ್ತು. ಸುಭಾಷಿಣಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು.

ಅದೇ ತಿಂಗಳಲ್ಲಿ ಜಿತೇಂದ್ರನ ಬೊಜ್ಜ ನಡೆಯಿತು. ಸತ್ತವರಿಗೆ ಮಾಡಬೇಕಾದ ಆ ಕಾರ್ಯವನ್ನು ಹೆಣವಿಲ್ಲದೆ, ಒಂದು ಅಂಗಿ ಮತ್ತು ಪಂಚೆ ಇಟ್ಟು ಮಾಡಿದರು. ಸುಭಾಷಿಣಿ ಹೋದಳು, ಅಂಗಳದ ಮೂಲೆಯಲ್ಲಿ ನಿಂತಳು, ಯಾರೂ ಅವಳನ್ನು ಬೈಯಲಿಲ್ಲ. ಜೋಸ್ಲಿನ್ ಬಾಯಿ ಮಾತ್ರ ಹತ್ತಿರ ಬಂದು, "ನಾನು ಅವತ್ತು ಹೇಳಲಿಕ್ಕೆ ಹೊರಟದ್ದು ಅದೇ ಟೀಚರ್" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಸುಭಾಷಿಣಿ ಮತ್ತೆ ಅವರ ಮನೆಗೆ ಹೋದಳು. ಉಡುಪಿಯಲ್ಲಿ ಪರೀಕ್ಷೆ, ತಾನೇ ಬಂದು ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಲು. ಸ್ವರ್ಣಲತಾಳ ಬೋಳು ಹಣೆ, ಬೋಳು ಕೈ ನೋಡಿ ಅವಳಿಗೆ ತಲೆ ಎತ್ತಲಾಗಲಿಲ್ಲ.

"ಅವಳು ಬರುವುದಿಲ್ಲ ಟೀಚರ್" ಎಂದಳು ಸ್ವರ್ಣಲತಾ.

"ನನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸಬೇಡಿ. ಕೈಮುಗಿಯುತ್ತೇನೆ. ಅವಳಿಗೆ ಖಂಡಿತ ಸೀಟು ಸಿಗುತ್ತದೆ."

"ಸಿಟ್ಟು ಎಂತದ್ದು? ನೀವು ಒಳ್ಳೆದಕ್ಕೇ ಹೇಳಿಕೊಟ್ಟದ್ದು." ಸ್ವರ್ಣಲತಾ ಒಳಗೆ ನೋಡಿದಳು. ಹರ್ಷಿಣಿ ನೆಲದ ಮೇಲೆ ಕೂತು ಸಣ್ಣ ಮೀನು ಬೇರೆ ಮಾಡುತ್ತಿದ್ದಳು. "ಅವತ್ತು ನಾನು ಒಪ್ಪುವಾಗ ಈ ಮನೆಯಲ್ಲಿ ಮೂರು ಜನ ಇದ್ದೆವು. ಇವಳು ಹೋದರೂ ಇಬ್ಬರು ಉಳಿತಿದ್ದೆವು, ನನ್ನ ಲೆಕ್ಕದಲ್ಲಿ. ಈಗ ಇವಳೂ ಹೋದರೆ ಈ ಮನೆಯಲ್ಲಿ ಉಳಿಯುದು ಯಾರು? ನೀವೇ ಹೇಳಿ."

ಸುಭಾಷಿಣಿ ಲೆಕ್ಕದ ಟೀಚರು. ಉತ್ತರ ಅವಳಿಗೆ ಗೊತ್ತಿತ್ತು. ಹೇಳದೆ ಎದ್ದು ಬಂದಳು.

ಪರೀಕ್ಷೆಯ ಭಾನುವಾರ ಕಳೆಯಿತು. ಸೋಮವಾರ ಹರ್ಷಿಣಿ ಎಂದಿನಂತೆ ಶಾಲೆಗೆ ಬಂದಳು. ಸುಭಾಷಿಣಿ ಬೀಜದ ಡಬ್ಬಿ ತೆಗೆದು ಎಲ್ಲರಿಗೂ ಹದಿನೈದು ಹದಿನೈದು ಕೊಟ್ಟು, ಮೂರು ಸಾಲು ಮಾಡಲು ಹೇಳಿದಳು. ಆ ಪಾಠ ಮುಗಿದು ಎಷ್ಟೋ ದಿನವಾಗಿತ್ತು. ಮತ್ತೆ ಕೊಟ್ಟದ್ದಕ್ಕೆ ಕಾರಣ ಒಂದು ಹುಚ್ಚು ಆಸೆ, ಅಷ್ಟೆ. ಹರ್ಷಿಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಸಣ್ಣ ಬೆರಳುಗಳನ್ನೇ ನೋಡಿದಳು. ಐದು ಬೀಜ, ಐದು ಬೀಜ, ಐದು ಬೀಜ. ಬೆರಳುಗಳು ನಿಂತವು.

"ಇನ್ನೊಂದು ಸಾಲು ಇಡುತ್ತೀಯಾ ಮಗು?" ಸುಭಾಷಿಣಿ ಇನ್ನೂ ಹತ್ತಿರ ಬಗ್ಗಿ ಕೇಳಿದಳು. "ಇಟ್ಟರೂ ನಡೆಯುತ್ತದೆ. ನಾನು ಏನೂ ಹೇಳುವುದಿಲ್ಲ."

ಹರ್ಷಿಣಿ ಟೀಚರ ಮುಖ ನೋಡಿದಳು. ದೊಡ್ಡವರು ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಮಾಡುವಾಗ ಮಕ್ಕಳು ನೋಡುವ ಹಾಗೆ ನೋಡಿದಳು. ಆಮೇಲೆ ಖಾಲಿ ಅಂಗೈಯನ್ನು ಬಿಡಿಸಿ ಅವಳ ಮುಂದೆ ಹಿಡಿದಳು.

"ಇಡಲಿಕ್ಕೆ ಎಂತ ಉಂಟು ಟೀಚರ್?" ಎಂದಳು. "ಏನೂ ಉಳಿದಿಲ್ಲ."